ಗಾಳಿ ಕಣ್ರೀ

ಅಲ್ಲಾಡಿತು, ಮತ್ತೆ ಅಲ್ಲಾಡಿತು ದರಿದ್ರದ್ದು, ಈಗಷ್ಟೇ ನೆಟ್ಟಗೆ ನಿಂತಿತ್ತು, ಉಸಿರು ಬಿಗಿಹಿಡಿದು ಗುಂಡಿಯ ಮೇಲೆ ಬೆರಳಿಟ್ಟದ್ದೇ ತಡ, ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬಂದು ತುಂಬೆ ಹೂವಿನ ತಲೆ ತಟ್ಟಿತು, ಹೋಗುವಾಗ ಒಂದು ಹಿಡಿ ಬಿಳಿ ಧೂಳನ್ನು ಕಾಂತರಾಜನ ಕಣ್ಣಿಗೂ ಎರಚಿತು, ಚಿನ್ನದ ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ಅದು ಉಗುಳಿದ ಪುಡಿಯ ಈ ದಿಬ್ಬಕ್ಕೆ ಮಾತ್ರ ನಿವೃತ್ತಿ ಇಲ್ಲ, ದಿನಾ ಡ್ಯೂಟಿಗೆ ಬರುತ್ತದೆ — ಕಣ್ಣುಜ್ಜಿಕೊಂಡ, ಬೈದ, ಯಾರನ್ನು ಬೈದೆ ಎಂದು ತನಗೇ ತಿಳಿಯಲಿಲ್ಲ, ಐವತ್ತೆರಡು ವರ್ಷದ ಗಂಡಸು, ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಸರ್ವೀಸು, ಭಾನುವಾರ ಬೆಳಿಗ್ಗೆ ಏಳಕ್ಕೆ ಊರಿಗಾಂ ಲೈನುಮನೆಗಳ ಹಿಂದಿನ ಬಯಲಿನಲ್ಲಿ ಗೋಣಿಚೀಲ ಹಾಸಿಕೊಂಡು ಬೋರಲು ಬಿದ್ದಿದ್ದಾನೆ, ಎದುರಿಗೆ ಗೇಣುದ್ದದ ತುಂಬೆ ಗಿಡ, ಕುಳ್ಳ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಯಾರೂ ಇಲ್ಲ. ಇಲ್ಲದಿರುವುದೇ ಒಳ್ಳೆಯದು, ಇದ್ದು ಮಾಡಿದ್ದು ಸಾಕು. ನಾಳೆ ಸೋಮವಾರ, ಕಾಲೋನಿ ಕ್ಲಬ್ಬಿನ ಫೋಟೋ ಪ್ರದರ್ಶನಕ್ಕೆ ಚಿತ್ರ ಕೊಡಲು ಕಡೆಯ ದಿನ, ಹದಿನಾಲ್ಕು ತಿಂಗಳಿಂದ ತೆಗೆದ ಹೂವುಗಳಲ್ಲಿ ನೆಟ್ಟಗಿರುವುದು ಒಂದೂ ಇಲ್ಲ, ಎಲ್ಲ ಶೇಕ್, ದಾಸವಾಳ ಶೇಕ್, ಗೌರಿ ಹೂವು ಶೇಕ್, ಬೇಲಿಯ ಮೇಲಿನ ಶಂಖಪುಷ್ಪ ಶೇಕ್, ಕಳೆದ ಸಲ ಮೊದಲ ಬಹುಮಾನ ಹೊಡೆದದ್ದು ಯಾರು, ಡಿಸೈನ್ ವಿಭಾಗದ ನವನೀತ್, ಮೀಸೆ ಸರಿಯಾಗಿ ಬಂದಿಲ್ಲ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಲಗಿದ್ದ ನಾಯಿಯನ್ನು ಮೊಬೈಲಿನಲ್ಲಿ ತೆಗೆದು ಗೆದ್ದ, ನಾಯಿ ಮಲಗಿತ್ತು, ಅಲ್ಲಾಡಲಿಲ್ಲ, ಅದರಲ್ಲಿ ಇವನ ಹೆಚ್ಚುಗಾರಿಕೆ ಏನು, ಅದರ ಮೇಲೆ ಎಲ್ಲರೆದುರು ಬಂದು, ಸಾರ್ ನಿಮ್ಮ ದಾಸವಾಳ ಸ್ವಲ್ಪ ಶೇಕ್ ಆಗಿದೆ ಅಲ್ವಾ ಸಾರ್, ಅಂತ ಬೇರೆ. ಈ ಸಲ ಒಂದು ತುಂಬೆ, ಒಂದೇ ಒಂದು, ದಂಟಿನ ಮೇಲಿನ ನವಿರು ಕೂದಲು ಕೂಡ ಎಣಿಸುವ ಹಾಗೆ ಬಂದರೆ ಸಾಕು, ಆಮೇಲೆ ಕ್ಯಾಮೆರಾ ಅಟ್ಟಕ್ಕೆ ಹಾಕಿದರೂ ಚಿಂತೆ ಇಲ್ಲ. ಗಾಳಿ ನಿಲ್ಲಲಿ ಎಂದು ಕಾದ.

ಗಾಳಿಗೂ ಇವನಿಗೂ ಹನ್ನೊಂದು ವರ್ಷದ ಹಗೆ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡ ಮೊದಲ ಭಾನುವಾರವೇ ಶುರುವಾದದ್ದು, ಬೇತಮಂಗಲದ ಕೆರೆ ಏರಿಯ ಮೇಲೆ, ತಂಗಡಿ ಹೂವು ತೂಗುತ್ತಿತ್ತು, ಒಂದು ಗಂಟೆ ಕಾದರೂ ನಿಲ್ಲಲಿಲ್ಲ, ಇವನು ಗಾಳಿಯ ಏಳು ತಲೆಮಾರನ್ನೂ ಜಾಲಾಡುತ್ತಿದ್ದಾಗ, ಬುತ್ತಿ ಹಿಡಿದು ಕೂತಿದ್ದ ಮೀನಾ, ಹೆಂಡತಿ, ಕಾಮಸಮುದ್ರದ ಹೆಣ್ಣು, ಹೊಲ ಕಂಡವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ, ಹೂವಿನ ಕೆಳಗೆ ದಂಟನ್ನು ಎರಡೇ ಬೆರಳಲ್ಲಿ ಹಿಡಿದಳು, ಹೆಬ್ಬೆರಳು ತೋರುಬೆರಳು ಅಷ್ಟೇ, ಮೂಗುತಿಯ ತಿರುಪು ಹಿಡಿಯುವ ಹಾಗೆ, ಈಗ ತೆಗೀರಿ ಅಂದಳು. ತೆಗೆದ. ಅದು ಈಗಲೂ ನಡುಮನೆಯಲ್ಲಿ ಗಡಿಯಾರದ ಕೆಳಗೆ ಇದೆ, ತಂಗಡಿಯ ಒಂದೊಂದು ಎಸಳೂ ಬೇರೆ ಬೇರೆ, ಬಂದವರು ಬಾಯಿ ತೆರೆದು ನೋಡುತ್ತಾರೆ, ಏನ್ ಸ್ಟೆಡಿ ಸಾರ್ ನಿಮ್ಮ ಕೈ ಅನ್ನುತ್ತಾರೆ, ಕೆಳಗಿನ ಒಂದಂಗುಲ ಕತ್ತರಿಸಿ ಪ್ರಿಂಟ್ ಹಾಕಿಸಿದ್ದು ಯಾರಿಗೂ ಗೊತ್ತಿಲ್ಲ, ಆ ಒಂದಂಗುಲದಲ್ಲಿ ಇವಳ ಎರಡು ಬೆರಳು ಇದ್ದವು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಸ್ಕೂಟರು, ಹಿಂದೆ ಮೀನಾ, ಅವಳ ಬಲಗೈ ಇವನ ಹೆಗಲ ಮೇಲೆ, ಎಡಗೈಯಲ್ಲಿ ಕಪ್ಪು ಕೊಡೆ, ಕೊಡೆಯನ್ನು ಹೂವಿನ ಹಿಂದೆ ಹಿಡಿದರೆ ಹಿನ್ನೆಲೆ ಕಪ್ಪಗೆ ಚೊಕ್ಕ ಬರುತ್ತದೆ, ಕೈ ಕಾಣ್ತಿದೆ ಕೆಳಗೆ ಹಿಡಿ, ಇನ್ನೂ ಕೆಳಗೆ, ನೆರಳು ಬೀಳ್ತಿದೆ ಆ ಕಡೆ ವಾಲು, ಬಳೆ ಮಿಂಚ್ತಿದೆ, ನಿನಗೆ ಎಷ್ಟು ಸಲ ಹೇಳೋದು ಬಳೆ ಮಿಂಚುತ್ತೆ ಅಂತ, ಗಾಜಿನ ಬಳೆ ಕೈತುಂಬ ಹಾಕಿಕೊಂಡು ಬರುತ್ತಿದ್ದಳು, ಹತ್ತು ವರ್ಷ ಹೇಳಿದರೂ ತೆಗೆಯಲಿಲ್ಲ, ಮುತ್ತೈದೆ ಕೈ ಬೋಳಾಗಿರಬಾರದು ಕಣ್ರೀ ಅಂದಳು, ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ತಾನಾಗಿಯೇ ತೆಗೆದಿಟ್ಟು ಒಂಟಿ ಬಳೆಯಲ್ಲಿ ಬಂದಳು, ಅಬ್ಬಾ, ಕಡೆಗೂ ಬುದ್ಧಿ ಬಂತು ಅಂದುಕೊಂಡ, ಮಾತು ಕೇಳಿದಳಲ್ಲ ಎಂದು ಒಳಗೇ ಹಿಗ್ಗಿದ. ಬಳೆ ಹೋಯಿತು, ಶೇಕ್ ಬಂತು. ಅದೇ ಹೊತ್ತಿಗೆ ಸ್ಕೂಟರಿನಲ್ಲಿ ಹೆಗಲ ಮೇಲೆ ಕೈ ಇಡುವುದನ್ನೂ ಬಿಟ್ಟಳು, ಹಿಂದಿನ ಕಂಬಿ ಹಿಡಿದು ಕೂರುತ್ತಾಳೆ, ಏನೋ ಮುನಿಸು, ಕೇಳಿದರೆ ತಾನೇ ಸೋತ ಹಾಗೆ, ಇವನು ಕೇಳಲಿಲ್ಲ.

ಶೇಕ್ ಆದಾಗಲೆಲ್ಲ ಒಂದೇ ಮಾತು, ಗಾಳಿ ಕಣ್ರೀ. ಯಾಕೆ ಅಲ್ಲಾಡಿಸ್ತೀಯ, ಗಾಳಿ ಕಣ್ರೀ, ನಾನೇನ್ ಮಾಡ್ಲಿ. ಇನ್ನೊಂದ್ಸಲ ಹಿಡಿ, ಹಿಡಿದಳು, ಶೇಕ್, ಗಾಳಿ ಕಣ್ರೀ. ಇವನೂ ನಂಬಿದ, ಆಮೇಲೆ ಗಾಳಿಯನ್ನು ಬಿಟ್ಟು ಕ್ಯಾಮೆರಾದ ಮೇಲೆ ಅನುಮಾನಪಟ್ಟ, ಸ್ಟ್ಯಾಂಡ್ ಬದಲಾಯಿಸಿದ, ಗುಂಡಿ ಒತ್ತಿದಾಗ ಅಲುಗಬಾರದು ಎಂದು ವೈರಿನ ಗುಂಡಿ ತಂದ, ಕೊನೆಗೆ ಲೆನ್ಸೇ ಕೆಟ್ಟಿದೆ ಎಂದು ತೀರ್ಮಾನಿಸಿ ಬಂಗಾರಪೇಟೆಗೆ ಒಯ್ದು ಕೋದಂಡಪ್ಪನ ಮುಂದಿಟ್ಟ, ಸ್ಟೇಷನ್ ರಸ್ತೆಯ ಅಂಗಡಿ, ವಾಚು ರೇಡಿಯೋ ಕ್ಯಾಮೆರಾ ಎಲ್ಲಕ್ಕೂ ಅವನೇ ಡಾಕ್ಟರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದೆ ಮುಂದೆ ತಿರುಗಿಸಿ, ಅಂಗಡಿ ಮುಂದಿನ ಬೋರ್ಡನ್ನು ನಾಲ್ಕು ಸಲ ತೆಗೆದು ನೋಡಿ, ನಿಮ್ ಲೆನ್ಸಿಗೆ ಜ್ವರಾನೂ ಇಲ್ಲ ನೆಗಡೀನೂ ಇಲ್ಲ ಸಾರ್, ಸುಮ್ನೆ ಎತ್ಕೊಂಡೋಗಿ ಅಂದ. ಮತ್ತೆ ಇದು ಯಾಕೆ ಹೀಗೆ ಬರುತ್ತೆ ಎಂದು ಇವನು ದಾಸವಾಳ ತೋರಿಸಿದ. ಕೋದಂಡಪ್ಪ ನೋಡಿದ, ಬಹಳ ಹೊತ್ತು ನೋಡಿದ, ಸಾರ್, ಊವು ಶೇಕ್ ಆಗೈತೆ, ಪಕ್ಕದ್ ಎಲೆ ನೋಡಿ, ಕತ್ತಿ ಅಂಗೈತೆ, ಲೆನ್ಸ್ ಕೆಟ್ರೆ ಎರಡೂ ಕೆಡ್ಬೇಕಲ್ವಾ, ಗಾಳಿ ಬಂದ್ರೂ ಎರಡೂ ಅಲ್ಲಾಡ್ಬೇಕಲ್ವಾ — ಇವನಿಗೆ ರೇಗಿತು, ರಿಪೇರಿ ಮಾಡೋನು ರಿಪೇರಿ ಮಾಡಬೇಕು, ಪಾಠ ಹೇಳಬಾರದು, ಲೆನ್ಸ್ ಕಿತ್ತುಕೊಂಡು ಬಂದ, ರೈಲಿನಲ್ಲಿ ಕೂತು ಯೋಚಿಸಿದ, ಲೆನ್ಸ್ ಸರಿ, ಸ್ಟ್ಯಾಂಡ್ ಸರಿ, ಗಾಳಿಯೂ ಅಲ್ಲ, ಹಾಗಾದರೆ ಉಳಿದದ್ದು ಯಾರು, ಇವಳೇ, ಇವಳಿಗೆ ಮನಸ್ಸಿಲ್ಲ, ಬೇಜಾರು ಬಂದಿದೆ, ಬೇಕೆಂದೇ ಅಲ್ಲಾಡಿಸುತ್ತಾಳೆ, ಹನ್ನೊಂದು ವರ್ಷ ಸಾಕಾಗಿದೆ ಎಂದು ಬಾಯಲ್ಲಿ ಹೇಳಲಾರದೆ ಬೆರಳಲ್ಲಿ ಹೇಳುತ್ತಿದ್ದಾಳೆ. ಮನೆಯಲ್ಲೂ ಹಾಗೇ ಅಲ್ಲವೇ, ಈಚೆಗೆ ಎಲ್ಲ ಕಾಟಾಚಾರ, ಕಾಫಿ ತಂದರೆ ಲೋಟದಲ್ಲಿ ಅರ್ಧ, ಇನ್ನರ್ಧ ಎಲ್ಲಿ ಅಂದರೆ ಸಾಕು ಬಿಡಿ ಶುಗರ್ ಬರುತ್ತೆ ಅನ್ನುತ್ತಾಳೆ, ಬಾಗಿಲಿಗೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಇಡುತ್ತಿದ್ದವಳು ಪೇಟೆಯಿಂದ ತೂತಿನ ಅಚ್ಚು ತಂದು ಪುಡಿ ಸುರಿದು ಎತ್ತಿಬಿಡುತ್ತಾಳೆ, ಸೋಮಾರಿತನ, ವಯಸ್ಸಾಗುತ್ತಾ ಬಂದ ಹಾಗೆ ಹೆಂಗಸರಿಗೆ ಗಂಡನೆಂದರೆ ಅಷ್ಟೇ. ಹೀಗೆಲ್ಲ ಕೂಡಿಸಿ ಗುಣಿಸಿ ಇಟ್ಟುಕೊಂಡಿದ್ದ, ಕಳೆದ ಭಾನುವಾರ ಆ ಸಿಟ್ಟು ಕಟ್ಟೆ ಒಡೆಯಿತು.

ಬೇತಮಂಗಲ, ಅದೇ ಏರಿ, ನೀರು ಕನ್ನಡಿಯ ಹಾಗೆ ಬಿದ್ದಿತ್ತು, ಜೊಂಡಿನ ಒಂದು ಗರಿಯೂ ಮಿಸುಕುತ್ತಿರಲಿಲ್ಲ, ಇಂಥ ದಿನ ವರ್ಷಕ್ಕೊಮ್ಮೆ ಸಿಗುವುದು, ಏರಿಯ ಅಂಚಿನಲ್ಲಿ ತುಂಬೆ, ಮೀನಾ ಕೂತಳು, ಹಿಡಿದಳು, ತೆಗೆದ, ಶೇಕ್, ತೆಗೆದ, ಶೇಕ್, ಹನ್ನೆರಡು ತೆಗೆದ, ಹನ್ನೆರಡೂ ಶೇಕ್, ಹದಿಮೂರನೆಯದರಲ್ಲಿ ನೋಡಿದರೆ ಬಲಗೈ ಸಾಲದು ಎಂದು ಎಡಗೈಯನ್ನೂ ತಂದು ಫ್ರೇಮಿನೊಳಗೆ ಇಟ್ಟಿದ್ದಾಳೆ, ಎರಡು ಕೈ, ಮಧ್ಯದಲ್ಲಿ ಹೂವು, ಹೂವಿನ ಫೋಟೋನಾ ಇದು ಇಲ್ಲಾ ನಿನ್ನ ಕೈ ಫೋಟೋನಾ, ಅಂದ, ಗಾಳಿ ಕಣ್ರೀ ಅಂದಳು. ಎಲ್ಲಿದೆಯೇ ಗಾಳಿ, ಎಲ್ಲಿದೆ ತೋರ್ಸು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಒಂದು ಕಡ್ಡಿ ನೆಟ್ಟಗೆ ಹಿಡಿಯೋ ಯೋಗ್ಯತೆ ಇಲ್ಲ ಅಂದ್ಮೇಲೆ ಯಾಕೆ ಬರ್ತೀಯ, ಬರಬೇಡ, ಇನ್ಮೇಲೆ ಬರಲೇಬೇಡ — ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು, ಕಾಮಸಮುದ್ರದ ಬಸ್ಸಿನ ಕಿಟಕಿಯಿಂದ ಯಾರೋ ತಲೆ ಹಾಕಿ ನೋಡಿದರು, ಅವಳ ಊರಿನವರೇ ಇರಬಹುದು, ಮೀನಾ ದಂಟು ಬಿಟ್ಟಳು, ಎದ್ದಳು, ಕೊಡೆ ಮಡಿಚಿದಳು, ಮಡಿಚಿದ ಕೊಡೆಗೆ ಗುಂಡಿ ಹಾಕಲು ಎಷ್ಟು ಹೊತ್ತು ತೆಗೆದುಕೊಂಡಳು, ಸೇಡಿಗೆ ತಡ ಮಾಡುತ್ತಿದ್ದಾಳೆ ಎಂದು ಇವನು ಸ್ಕೂಟರಿನ ಹಾರ್ನ್ ಹೊಡೆದ. ಹೊಡೆದದ್ದು ತಪ್ಪು, ಅದು ಆಗಲೇ ಗೊತ್ತಿತ್ತು, ಆದರೆ ಹೊಡೆದಾಗಿತ್ತು. ಆಮೇಲೆ ಒಂದು ವಾರ ಮಾತಿಲ್ಲ, ತಟ್ಟೆ ಬರುತ್ತದೆ, ಸಾರು ಬರುತ್ತದೆ, ಮಾತು ಬರುವುದಿಲ್ಲ. ಇವನೂ ಹಟಕ್ಕೆ ಬಿದ್ದ, ಫ್ಯಾಕ್ಟರಿಯ ಗುಜರಿಯಿಂದ ಕಂಬಿ ಆರಿಸಿ ತಂದ, ಮೊಣಕೈ ಉದ್ದ ಕತ್ತರಿಸಿ ತುದಿ ಮೊನೆ ಮಾಡಿದ, ಇವಳ ಬದಲು ಇದು, ಇದಕ್ಕೆ ಬೇಜಾರಿಲ್ಲ, ಮುನಿಸಿಲ್ಲ, ನೆಲಕ್ಕೆ ಚುಚ್ಚಿದರೆ ಆಯಿತು, ಮೇಲ್ತುದಿಗೆ ಬಟ್ಟೆ ಕ್ಲಿಪ್ಪು ಕಟ್ಟುತ್ತಾ ಕೂತಿದ್ದಾಗ ನಿನ್ನೆ ಸಂಜೆ ಮೀನಾ ಅಡುಗೆಮನೆಯಿಂದ ಬಂದು ಮೇಜಿನ ಮೇಲೆ ಎರಡು ಮರದ ಕ್ಲಿಪ್ಪು ಇಟ್ಟಳು, ಪ್ಲಾಸ್ಟಿಕ್ಕಿನದು ದಂಟು ಕುಯ್ಯುತ್ತೆ, ಒಳಗಡೆ ಹತ್ತಿ ಇಟ್ಕೊಳ್ಳಿ, ಅಂದಳು, ವಾರಕ್ಕೆಲ್ಲ ಅದೊಂದೇ ಮಾತು, ಅಂದು ಒಳಗೆ ಹೋದಳು. ಹತ್ತಿ ಇಟ್ಟುಕೊಂಡ, ಥ್ಯಾಂಕ್ಸ್ ಅನ್ನಲಿಲ್ಲ.

ಈಗ ಕಂಬಿ ನೆಲದಲ್ಲಿದೆ, ಕ್ಲಿಪ್ಪು ದಂಟನ್ನು ಕಚ್ಚಿದೆ, ಆದರೆ ಎತ್ತರ ಸಾಲದು, ಹೂವಿನ ಸಮೀಪಕ್ಕೆ ಏರಿಸಬೇಕು, ಏರಿಸಿದ, ಎರಡನೆಯ ಕ್ಲಿಪ್ಪನ್ನೂ ಹಾಕಿದ, ಅಷ್ಟರಲ್ಲಿ ಮ್ಯಾ ಎಂದು ಕಿವಿಯ ಪಕ್ಕದಲ್ಲೇ, ಮೇಕೆ, ಒಂದಲ್ಲ ಆರೇಳು, ಹಿಂದೆ ಪಾಪಕ್ಕ, ಲೈನಿನ ಕೊನೆ ಮನೆಯವಳು, ದಿನಾ ಈ ಬಯಲಲ್ಲೇ ಮೇಯಿಸುತ್ತಾಳೆ, ಏನ್ ಸಾಮಿ, ಇವತ್ತು ಒಬ್ರೇ ಬಂದಿದ್ದೀರಾ, ಆಯಮ್ಮ ಬರ್ಲಿಲ್ವಾ. ಇಲ್ಲ ಪಾಪಕ್ಕ, ಮೇಕೆ ಆ ಕಡೆ ಹೊಡಿ, ಗಿಡ ತುಳೀತವೆ. ಒಡೀತೀನಿ ಒಡೀತೀನಿ, ಓಯ್, ಓಗ್ಲಾ ಆ ಕಡಿಕೆ — ಹೋದಳು ಅಂದುಕೊಂಡರೆ ನಿಂತೇ ಇದ್ದಾಳೆ, ಕೋಲಿಗೆ ಗಲ್ಲ ಊರಿ, ಕೈ ಎಂಗೈತೆ ಸಾಮಿ ಆಯಮ್ಮಂದು, ಅಂದಳು. ಯಾವ ಕೈ, ಅಂದ, ಕಣ್ಣು ಕ್ಯಾಮೆರಾದಲ್ಲೇ, ಒಗ್ಗರಣೆ ಸಿಡಿದು ಸುಟ್ಟುಕೊಂಡಿದ್ದನ್ನು ಕೇಳುತ್ತಿರಬೇಕು, ವಾಸಿಯಾಗಿದೆ ಅಂದ. ವಾಸಿ ಆಯ್ತಾ, ದೇವ್ರು ದೊಡ್ಡೋನು, ಓದ್ ತಿಂಗ್ಳು ನೀವ್ ಅಲ್ಲಿ ಬಿದ್ಕಂಡು ಫೋಟೋ ಇಡೀತಿದ್ರಲ್ಲ, ಆಯಮ್ಮ ಈ ಬಂಡೆ ಮ್ಯಾಲೆ ಕುಂತ್ಕಂಡು ಕೈನ ತೊಡೆ ಕೆಳಗೆ ಮಡಿಕ್ಕಂಡಿದ್ರು, ಯಾಕಮ್ಮಾ ಅಂದ್ರೆ ಚಳಿ ಪಾಪಕ್ಕ ಅಂದ್ರು, ಬಿಸ್ಲು ನೆತ್ತಿ ಸುಡ್ತಿತ್ತು ಸಾಮಿ. ಅವಳಿಗೆ ಒಂದು ದಿನ ಚಳಿ, ಒಂದು ದಿನ ಗಾಳಿ, ಏನೋ ಒಂದು, ಅಂದ, ಪಾಪಕ್ಕ ಕೋಲೆತ್ತಿಕೊಂಡು ಮೇಕೆಗಳ ಹಿಂದೆ ಹೋದಳು. ದಿಬ್ಬದಿಂದ ಗಾಳಿ ಬಂತು, ಬರಲಿ, ಈ ಸಲ ಇವನು ಕಾಯಲಿಲ್ಲ, ಹಟಕ್ಕೆ ಗುಂಡಿ ಒತ್ತಿದ.

ಬಂತು. ತೆರೆಯ ಮೇಲೆ ಬಂತು, ಪ್ಲಸ್ ಒತ್ತಿ ದೊಡ್ಡದು ಮಾಡಿದ, ಇನ್ನೂ ದೊಡ್ಡದು, ತುಂಬೆಯ ಬಿಳಿ ತುಟಿ, ತುಟಿಯ ಅಂಚಿನ ನವಿರು, ದಂಟಿನ ಮೇಲಿನ ಕೂದಲು ಒಂದು ಎರಡು ಮೂರು, ಎಣಿಸಬಹುದು, ಒಂದು ಪುಟ್ಟ ಇರುವೆ, ಅದರ ಮೀಸೆ, ಅಯ್ಯೋ ಮೀಸೆ ಕೂಡ, ಹದಿನಾಲ್ಕು ತಿಂಗಳಾದ ಮೇಲೆ, ಮೀನಾ, ಇಲ್ನೋಡು — ಎಂದು ತಿರುಗಿದ, ಗೋಣಿಚೀಲದ ಅಂಚು, ಕಲ್ಲು, ಯಾರೂ ಇಲ್ಲ. ಇರಲಿ, ಗೆದ್ದೆನಲ್ಲ, ನಾಳೆ ಪ್ರಿಂಟು, ಆ ನವನೀತನ ಮುಖ, ಮತ್ತೆ ತೆರೆ ನೋಡಿದ, ಸುತ್ತ ಹುಲ್ಲೆಲ್ಲ ಶೇಕ್, ಗಾಳಿಗೆ ಒಂದು ಗರಿಯೂ ನಿಂತಿಲ್ಲ, ನಡುವೆ ತುಂಬೆ ಒಂದೇ ಕಲ್ಲಿನ ಹಾಗೆ, ಚೆನ್ನಾಗಿದೆ, ಬಲು ಚೆನ್ನಾಗಿದೆ, ಹುಲ್ಲು ಅಲ್ಲಾಡಿದೆ ಹೂವು ಅಲ್ಲಾಡಿಲ್ಲ, ಏಕೆಂದರೆ ಹಿಡಿದದ್ದು ಅಲ್ಲಾಡಲಿಲ್ಲ — ಕಳೆದ ಭಾನುವಾರ ತಿರುಗುಮುರುಗು, ಹುಲ್ಲು ನಿಂತಿತ್ತು, ಹೂವು ಅಲ್ಲಾಡಿತ್ತು. ಪಕ್ಕದ್ ಎಲೆ ನೋಡಿ ಸಾರ್, ಕತ್ತಿ ಅಂಗೈತೆ. ಗಾಳಿ ಇರಲಿಲ್ಲ, ನೀರು ಕನ್ನಡಿಯ ಹಾಗಿತ್ತು, ಗಾಳಿ ಇಲ್ಲದ ದಿನ ಅಲ್ಲಾಡಿಸಿದ್ದು ಗಾಳಿಯಲ್ಲ, ಬೇಕೆಂದೇ ಅಲ್ಲಾಡಿಸುತ್ತಾಳೆ ಎಂದಲ್ಲವೇ ರೈಲಿನಲ್ಲಿ ಕೂತು ಲೆಕ್ಕ ಹಾಕಿದ್ದು, ಬೇಕೆಂದು ಅಲ್ಲಾಡಿಸುವವಳು ನಿನ್ನೆ ಹತ್ತಿ ಇಟ್ಕೊಳ್ಳಿ ಅನ್ನುತ್ತಾಳೆಯೇ, ಬಿಸಿಲಿನಲ್ಲಿ ಚಳಿ ಎಂದು ಕೈಯನ್ನು ತೊಡೆಯ ಕೆಳಗೆ ಅದುಮಿ ಕೂರುತ್ತಾಳೆಯೇ. ಕೈ. ಕೈ ಎಂಗೈತೆ ಸಾಮಿ. ಕಾಫಿ ಅರ್ಧ ಲೋಟ, ತುಂಬ ಇದ್ದರೆ ತುಳುಕುತ್ತದೆ, ರಂಗೋಲಿಗೆ ಅಚ್ಚು, ಕೊಡೆಯ ಗುಂಡಿ, ಗುಂಡಿ ಹಾಕಲಾಗದೆ ನಿಂತಿದ್ದವಳಿಗೆ ಇವನು ಹಾರ್ನ್ ಹೊಡೆದ, ಬಳೆ, ಅಯ್ಯೋ ಬಳೆ, ಗಾಜಿನ ಬಳೆ ಮಿಂಚುತ್ತದೆ ಎಂದು ತೆಗೆದಿಟ್ಟಳು ಅಂದುಕೊಂಡೆಯಲ್ಲೋ, ಹತ್ತು ವರ್ಷ ಮಿಂಚಿದರೂ ತೆಗೆಯದವಳು ಯಾಕೆ ತೆಗೆದಿಟ್ಟಾಳು, ಸದ್ದು ಮಾಡುತ್ತವೆ, ಸುಮ್ಮನೆ ಕೂತಾಗಲೂ ಗಲಗಲ ಅನ್ನುತ್ತವೆ, ಇವನ ಕಿವಿಗೆ ಬೀಳುತ್ತದೆ ಎಂದು. ಹೆಗಲ ಮೇಲೆ ಕೈ ಇಟ್ಟರೂ ಗೊತ್ತಾಗುತ್ತದೆ ಎಂದು ಕಂಬಿ ಹಿಡಿದಳು. ಅವಳಿಗೆ ಗೊತ್ತು ಇವನ ಕಸುಬು, ಓಡುವ ಮೆಷಿನ್ನಿನ ಮೇಲೆ ಅಂಗೈ ಇಟ್ಟರೆ ಸಾಕು ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಾನೆ, ಕೂದಲೆಳೆ ನಡುಕವನ್ನೂ ಹಿಡಿಯುತ್ತಾನೆ, ಮದ್ರಾಸಿನಿಂದ ಬಂದ ಎಂಜಿನಿಯರುಗಳೇ ಕರೆದು ಕೇಳುತ್ತಾರೆ, ಕಾಂತರಾಜ್ ಕೈ ಇಟ್ಟು ಹೇಳಲಿ ಎಂದು. ಆ ಅಂಗೈಯನ್ನು ಅವಳ ಕೈಮೇಲೆ ಇಟ್ಟದ್ದು ಯಾವಾಗ. ಲೆನ್ಸ್ ಕೆಟ್ಟಿದೆ ಎಂದು ಬಂಗಾರಪೇಟೆಗೆ ಹೋದ, ಗಾಳಿಯನ್ನು ಬೈದ, ನೆಲ ಡೊಂಕು ಅಂದದ್ದು ಯಾರು ಹಾಗಾದರೆ. ಎದ್ದು ಮನೆಗೆ ಹೋಗಬೇಕು, ಹೋಗಿ ಏನೆನ್ನಬೇಕು, ಬೆರಳು ತಾನೇ ಹಿಂದಕ್ಕೆ ಒತ್ತುತ್ತಿದೆ.

ಹಿಂದಕ್ಕೆ, ಹಿಂದಕ್ಕೆ, ಒಂದೊಂದೇ ಹಳೆಯ ಚಿತ್ರ, ಕ್ಯಾಮೆರಾದ ಕಾರ್ಡಿನಲ್ಲಿ ಎಲ್ಲ ಇದೆ, ಇವನು ಏನನ್ನೂ ಅಳಿಸುವವನಲ್ಲ, ಪ್ರಿಂಟಿನಲ್ಲಿ ಕತ್ತರಿಸಿದ ಒಂದಂಗುಲ ಕಾರ್ಡಿನಲ್ಲಿ ಹಾಗೇ ಇದೆ, ಹೂವು ಬೇಡ, ಕೆಳಗಿನ ಅಂಚು ಸಾಕು, ಹೋದ ವರ್ಷದ ಯುಗಾದಿಯ ಹೊಂಗೆ ಹೂವು, ಎರಡು ಬೆರಳು, ಗಾಜಿನ ಬಳೆ, ಹಸಿರು, ಬೆರಳಿನ ಗೆರೆ ಕೂಡ ಶಾರ್ಪ್, ಆಷಾಢದ ಗಣಗಲೆ, ಎರಡು ಬೆರಳು, ಉಗುರಿನ ಅಂಚು ಸ್ವಲ್ಪ ಮಸುಕು, ಗೌರಿ ಹಬ್ಬ ಕಳೆದ ಮೇಲೆ, ಒಂಟಿ ಬಳೆ, ಎರಡಲ್ಲ ಮೂರು ಬೆರಳು, ಸಂಕ್ರಾಂತಿಯ ಅವರೆ ಹೂವು, ನಾಲ್ಕು ಬೆರಳು, ದಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ, ದಂಟು ಹಾಗೆ ಹಿಡಿದರೆ ನಲುಗುತ್ತೆ ಮೀನಾ ಎಂದು ಅವತ್ತು ಬೈದಿದ್ದ, ಈ ವರ್ಷದ ದಾಸವಾಳ, ಮೊಣಕೈಯನ್ನು ಮಂಡಿಗೆ ಒತ್ತಿಕೊಂಡಿದ್ದಾಳೆ, ಸೀರೆಯ ಅಂಚು ಕಾಣುತ್ತದೆ, ಸೀರೆ ಕಾಣ್ತಿದೆ ಅಂತಲೂ ಬೈದಿದ್ದ, ಒಂದೊಂದು ತಿಂಗಳೂ ಒಂದೊಂದು ಉಪಾಯ ಹುಡುಕಿದ್ದಾಳೆ, ಒಂದೊಂದನ್ನೂ ಇವನು ಕಂಡು, ಬೈದು, ಕತ್ತರಿಸಿ ಎಸೆದಿದ್ದಾನೆ, ಎಂದಾದರೂ ಹೇಳಬಾರದಿತ್ತೇ ಮೀನಾ, ಹೇಳಿದ್ದರೆ, ಹೇಳಿದ್ದರೆ ಭಾನುವಾರ ಬರಬೇಡ ಅನ್ನುತ್ತಿದ್ದೆನೇನೋ, ಮನೆಯಲ್ಲಿರು ರೆಸ್ಟ್ ತಗೋ ಅನ್ನುತ್ತಿದ್ದೆನೇನೋ, ಅದಕ್ಕೇ, ಗಾಳಿ ಕಣ್ರೀ, ಅದಕ್ಕೇ ಗಾಳಿ ಅಂದಳೇ, ಬರಬೇಕು ಎಂದು — ಕೊನೆಗೆ ಬರಬೇಡ ಅಂದದ್ದೂ ಇವನೇ. ದೂರದಲ್ಲಿ ಪಾಪಕ್ಕ ಮೇಕೆಗಳನ್ನು ಕೂಗುತ್ತಿದ್ದಾಳೆ, ಬಿಳಿ ಧೂಳು ಕತ್ತಿನ ಮೇಲೆ ಬೀಳುತ್ತಿದೆ, ಕಂಬಿ ತುಂಬೆಯನ್ನು ಹಿಡಿದುಕೊಂಡು ನಿಂತಿದೆ, ಬೆರಳು ಮುಂದಕ್ಕೆ ಒತ್ತಿತು, ಕಳೆದ ಭಾನುವಾರ, ಒಂದು, ಎರಡು, ಹನ್ನೆರಡು, ಹದಿಮೂರು, ನಿಂತಿತು. ಹೂವು ಶೇಕ್. ದಂಟು ಹಿಡಿದ ಬಲಗೈಯ ಎರಡು ಬೆರಳು ಶೇಕ್. ಆ ಬಲಗೈಯ ಮಣಿಕಟ್ಟನ್ನು, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ, ಎಡಗೈ ಹಿಡಿದುಕೊಂಡಿದೆ.